ಒಂದು ಹನಿ ರಕ್ತ, ಒಂದೇ ಒಂದು ಅಣು: ಬೆಳಕು ಮತ್ತು ಕರೆಂಟ್ ಬಳಸುವ ಚಿಪ್ ಎಲ್ಲ ಕಾಯಿಲೆ ಹಿಡಿಯುತ್ತದೆಯೇ?

"ಎಲ್ಲರಿಗೂ ಕಳುಹಿಸಿ! ವಿಜ್ಞಾನಿಗಳು ಹೊಸ ಚಿಪ್ ಕಂಡುಹಿಡಿದಿದ್ದಾರೆ. ಬೆರಳ ತುದಿಯ ಒಂದು ಹನಿ ರಕ್ತ ಸಾಕು. ಲೇಸರ್ ಬೆಳಕು ಮತ್ತು ಕರೆಂಟ್ ಎರಡನ್ನೂ ಬಳಸಿ ಒಂದೇ ಒಂದು ಅಣುವನ್ನು ಹಿಡಿದು, ಕ್ಯಾನ್ಸರ್ ಸೇರಿದಂತೆ ಎಲ್ಲ ಕಾಯಿಲೆಗಳನ್ನೂ ಹತ್ತೇ ನಿಮಿಷದಲ್ಲಿ ಹೇಳುತ್ತದೆ. ಇನ್ನು ಬಯಾಪ್ಸಿ ಬೇಡ!"

ಈ ಬಗೆಯ ಸಂದೇಶ ನಿಮ್ಮ ಮೊಬೈಲಿಗೂ ಬಂದಿರಬಹುದು. ಇದನ್ನು ನಮಗೆ ಕಳುಹಿಸಿದ ಓದುಗರೊಬ್ಬರು ಕೇಳಿದ ಪ್ರಶ್ನೆ ಚಿಕ್ಕದು: "ಅಮ್ಮನಿಗೆ ಬಯಾಪ್ಸಿ ಮಾಡಿಸಿ ಅಂತ ಡಾಕ್ಟರು ಹೇಳಿದ್ದಾರೆ. ಅದರ ಬದಲು ಇದನ್ನೇ ಮಾಡಿಸಬಹುದಾ?"

ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ: ಬೇಡ, ಬಯಾಪ್ಸಿ ಮುಂದೂಡಬೇಡಿ. ಆದರೆ ಈ ಸಂದೇಶ ಪೂರ್ತಿ ಕಟ್ಟುಕಥೆಯೂ ಅಲ್ಲ. ಒಂದೇ ಅಣುವನ್ನು ಕರೆಂಟ್ ಮತ್ತು ಬೆಳಕು ಎರಡರಿಂದಲೂ ಗುರುತಿಸುವ ಕೆಲಸ ಪ್ರಯೋಗಾಲಯಗಳಲ್ಲಿ ನಿಜವಾಗಿಯೂ ನಡೆದಿದೆ. ಯಾವುದು ನಿಜ, ಯಾವುದು ಬಾಲಂಗೋಚಿ ಎಂದು ತಿಳಿಯಲು ಆ ಚಿಪ್‌ನೊಳಗೆ ಏನಾಗುತ್ತದೆ ಎಂದು ನೋಡೋಣ ಬನ್ನಿ.

ನಿಮ್ಮ ಸಿಬಿಸಿ ರಿಪೋರ್ಟಿನಲ್ಲೇ ಇದೆ ಇದರ ಮೂಲ

ಜ್ವರ ಬಂದಾಗ ಡಾಕ್ಟರು ಬರೆಯುವ ಸಿಬಿಸಿ ಪರೀಕ್ಷೆ ನಿಮಗೆ ಗೊತ್ತೇ ಇದೆ. ಒಂದು ಮೈಕ್ರೋಲೀಟರ್ ರಕ್ತದಲ್ಲಿ ಲಕ್ಷಗಟ್ಟಲೆ ಇರುವ ಕೆಂಪು ರಕ್ತಕಣಗಳನ್ನು ಯಂತ್ರ ಹೇಗೆ ಎಣಿಸುತ್ತದೆ ಎಂದು ಎಂದಾದರೂ ಯೋಚಿಸಿದ್ದೀರಾ?

ಅಮೆರಿಕದ ವಾಲೇಸ್ ಕೌಲ್ಟರ್ ಎಂಬ ಎಂಜಿನಿಯರ್ ಇದಕ್ಕೆ ಸರಳ ಉಪಾಯ ಕಂಡುಕೊಂಡರು. 1953ರಲ್ಲಿ ಅವರಿಗೆ ಪೇಟೆಂಟ್ ಸಿಕ್ಕಿತು. ಉಪ್ಪುನೀರಿನ ಎರಡು ಪಾತ್ರೆಗಳ ನಡುವೆ ಒಂದು ಸಣ್ಣ ತೂತು. ತೂತಿನ ಮೂಲಕ ಕರೆಂಟ್ ಹರಿಯುತ್ತಿರುತ್ತದೆ. ರಕ್ತಕಣವೊಂದು ತೂತಿನಲ್ಲಿ ಹಾದುಹೋಗುವಾಗ ಅಷ್ಟು ಉಪ್ಪುನೀರಿನ ಜಾಗವನ್ನು ಅದು ಆಕ್ರಮಿಸುತ್ತದೆ, ಕರೆಂಟ್ ಒಂದು ಕ್ಷಣ ಕುಸಿಯುತ್ತದೆ. ಎಷ್ಟು ಸಲ ಕುಸಿಯಿತು ಎಂದರೆ ಅಷ್ಟು ಕಣಗಳು. ಎಷ್ಟು ಆಳಕ್ಕೆ ಕುಸಿಯಿತು ಎಂದರೆ ಅಷ್ಟು ದೊಡ್ಡ ಕಣ. ನಿಮ್ಮ ರಿಪೋರ್ಟಿನಲ್ಲಿ ಎಂಸಿವಿ ಎಂದು ಬರೆದಿರುವ ಸಂಖ್ಯೆ ಕೆಂಪು ಕಣದ ಸರಾಸರಿ ಗಾತ್ರ. ಈ ವಿಧಾನದ ಯಂತ್ರಗಳಲ್ಲಿ ಅದು ಕರೆಂಟಿನ ಈ ಕುಸಿತದಿಂದಲೇ ಬರುತ್ತದೆ.

ಆದರೆ ಬಿಳಿ ರಕ್ತಕಣಗಳಲ್ಲಿ ಐದು ಮುಖ್ಯ ಬಗೆಗಳಿವೆ. ಕೆಲವು ಬಗೆಗಳ ಗಾತ್ರ ಒಂದಕ್ಕೊಂದು ಹತ್ತಿರ. ಕರೆಂಟ್ ಕುಸಿದದ್ದನ್ನು ನೋಡಿ ಇದು ನ್ಯೂಟ್ರೋಫಿಲ್, ಇದು ಇಯೋಸಿನೋಫಿಲ್ ಎಂದು ಖಚಿತವಾಗಿ ಹೇಳುವುದು ಕಷ್ಟ. ಹಾಗಾಗಿ ಈಗಿನ ಅನೇಕ ಯಂತ್ರಗಳು ಕಣದ ಮೇಲೆ ಲೇಸರ್ ಬೆಳಕನ್ನೂ ಬಿಡುತ್ತವೆ. ಬೆಳಕು ಹೇಗೆ ಚದುರುತ್ತದೆ ಎಂಬುದರಿಂದ ಕಣದ ಒಳರಚನೆಯ ಸುಳಿವು ಸಿಗುತ್ತದೆ. ಕರೆಂಟ್ ಒಂದು ಸಾಕ್ಷಿ, ಬೆಳಕು ಇನ್ನೊಂದು ಸಾಕ್ಷಿ.

ಫಾರ್ವರ್ಡ್ ಹೇಳುವ ಹೊಸ ತಂತ್ರದಲ್ಲೂ ಇದೇ ಉಪಾಯವಿದೆ. ವ್ಯತ್ಯಾಸ ಇರುವುದು ಗಾತ್ರದಲ್ಲಿ. ಕೆಂಪು ರಕ್ತಕಣ ಸುಮಾರು 7 ಸಾವಿರ ನ್ಯಾನೋಮೀಟರ್ ಅಗಲ. ಡಿಎನ್‌ಎ ಎಳೆಯ ಅಗಲ ಸುಮಾರು 2 ನ್ಯಾನೋಮೀಟರ್ ಮಾತ್ರ.

ನ್ಯಾನೋಪೋರ್ ಎಂದರೇನು?

ಅಣುವೊಂದು ಹಾದುಹೋಗುವಷ್ಟೇ ಸಣ್ಣ ತೂತಿಗೆ ನ್ಯಾನೋಪೋರ್ ಎನ್ನುತ್ತಾರೆ. ಇಷ್ಟು ಸಣ್ಣ ತೂತನ್ನು ಕೊರೆಯುವುದು ಹೇಗೆ? ಮೊದಲ ತೂತನ್ನು ಒದಗಿಸಿದ್ದು ಒಂದು ಬ್ಯಾಕ್ಟೀರಿಯಾ.

ಕೀವುಗುಳ್ಳೆಗೆ ಕಾರಣವಾಗುವ ಸ್ಟ್ಯಾಫೈಲೊಕಾಕಸ್ ಔರಿಯಸ್ ನಮ್ಮ ಜೀವಕೋಶಗಳ ಪೊರೆಗೆ ತೂತು ಹೊಡೆಯಲು ಆಲ್ಫಾ ಹಿಮೋಲೈಸಿನ್ ಎಂಬ ಪ್ರೋಟೀನನ್ನು ಬಳಸುತ್ತದೆ. ಅದರ ಒಳದಾರಿಯ ಅತಿ ಕಿರಿದಾದ ಭಾಗ ಸುಮಾರು 1.4 ನ್ಯಾನೋಮೀಟರ್. 1996ರಲ್ಲಿ ಜಾನ್ ಕಾಸಿಯಾನೋವಿಚ್, ಡೇನಿಯಲ್ ಬ್ರಾಂಟನ್, ಡೇವಿಡ್ ಡೀಮರ್ ಮತ್ತು ಸಂಗಡಿಗರು ಈ ಪ್ರೋಟೀನನ್ನು ತೆಳುವಾದ ಕೊಬ್ಬಿನ ಪದರದಲ್ಲಿ ಕೂರಿಸಿ, ಅದರ ಮೂಲಕ ಆರ್‌ಎನ್‌ಎ ಮತ್ತು ಡಿಎನ್‌ಎ ಎಳೆಗಳನ್ನು ಒಂದೊಂದಾಗಿ ಹಾಯಿಸಿ ತೋರಿಸಿದರು. ಎಳೆ ಹಾದಾಗಲೆಲ್ಲ ಕರೆಂಟ್ ಕುಸಿಯಿತು. ಮುಂದೆ 2001ರಿಂದ ಈಚೆಗೆ ಸಿಲಿಕಾನ್ ನೈಟ್ರೈಡ್‌ನಂಥ ಗಟ್ಟಿ ವಸ್ತುವಿನ ತೆಳು ಹಾಳೆಯಲ್ಲೇ ಇಂಥ ತೂತು ಮಾಡುವ ವಿಧಾನಗಳು ಬಂದವು.

ಈ ತಂತ್ರ ಈಗ ಪ್ರಯೋಗಾಲಯದಾಚೆಗೂ ಬಂದಿದೆ. ಅಂಗೈಯಲ್ಲಿ ಹಿಡಿಯಬಹುದಾದ ಮಿನಿಅಯಾನ್ ಎಂಬ ಸಾಧನ 2014ರಲ್ಲಿ ಸಂಶೋಧಕರ ಕೈಗೆ ಬಂತು. 2015ರಲ್ಲಿ ಗಿನಿ ದೇಶದಲ್ಲಿ ಎಬೋಲಾ ವೈರಸ್ಸಿನ ಜೀನೋಮನ್ನು ಸ್ಥಳದಲ್ಲೇ ಓದಲು ಇದನ್ನು ಬಳಸಿದರು. 2016ರಲ್ಲಿ ಗಗನಯಾತ್ರಿ ಕೇಟ್ ರೂಬಿನ್ಸ್ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಇದರಿಂದಲೇ ಡಿಎನ್‌ಎ ಓದಿದರು. 2020ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಶೋಧಕರು ಕರ್ನಾಟಕದ ಕೋವಿಡ್ ಮಾದರಿಗಳ ಜೀನೋಮ್ ಓದಲು ಬಳಸಿದ್ದೂ ನ್ಯಾನೋಪೋರ್ ತಂತ್ರವನ್ನೇ. ಮಿನಿಅಯಾನ್ ಕೆಲಸ ಮಾಡುವುದು ಕರೆಂಟಿನಿಂದ ಮಾತ್ರ, ಅದರಲ್ಲಿ ಲೇಸರ್ ಇಲ್ಲ. ಕರೆಂಟ್ ಮತ್ತು ಬೆಳಕು ಎರಡನ್ನೂ ಜೋಡಿಸುವುದು ಅದರ ಮುಂದಿನ ಹೆಜ್ಜೆ.

ಕರೆಂಟ್ ಏನು ಹೇಳುತ್ತದೆ, ಏನು ಹೇಳುವುದಿಲ್ಲ?

ಕೆರೆಯ ತೂಬನ್ನು ನೆನಪಿಸಿಕೊಳ್ಳಿ. ತೂಬಿನಲ್ಲಿ ಏನೋ ಸಿಕ್ಕಿಕೊಂಡರೆ ಕಾಲುವೆಯಲ್ಲಿ ನೀರು ಕಡಿಮೆಯಾಗುತ್ತದೆ. ಕಾಲುವೆಯ ಬಳಿ ನಿಂತವರಿಗೆ ಏನೋ ಅಡ್ಡ ಬಂದಿದೆ ಎಂದು ತಕ್ಷಣ ಗೊತ್ತಾಗುತ್ತದೆ. ಅದು ತೆಂಗಿನ ಗರಿಯೋ, ಮರದ ಕೊರಡೋ, ಕಸದ ಗಂಟೋ ಎಂದು ಅಲ್ಲಿಂದ ಹೇಳುವುದು ಕಷ್ಟ.

ನ್ಯಾನೋಪೋರ್‌ನಲ್ಲೂ ಹಾಗೆಯೇ. ಕರೆಂಟಿನ ಕುಸಿತ ಎಷ್ಟು ಆಳ, ಎಷ್ಟು ಹೊತ್ತು ಎಂಬ ಎರಡು ಸಂಗತಿಗಳೇ ಮುಖ್ಯ ಸುಳಿವು. ಆದರೆ ಒಂದೇ ಗಾತ್ರದ ಎರಡು ಬೇರೆ ಪ್ರೋಟೀನ್‌ಗಳು ಒಂದೇ ರೀತಿಯ ಕುಸಿತ ಕೊಡಬಹುದು. ಮಡಚಿಕೊಂಡು ಬಂದ ಒಂದು ಡಿಎನ್‌ಎ ಎಳೆ ಎರಡು ಎಳೆಗಳಂತೆ ಕಾಣಬಹುದು. ಅಣು ತೂತಿನ ಬಾಯಿಗೆ ತಾಗಿ ವಾಪಸು ಹೋದರೂ ಕರೆಂಟ್ ಕುಸಿಯುತ್ತದೆ. ರಕ್ತದಂಥ ದ್ರವದಲ್ಲಿ ಬೇಕಾದ ಒಂದು ಅಣುವಿನ ಜೊತೆ ಬೇಡದ ಸಾವಿರಾರು ಬಗೆಯ ಅಣುಗಳಿರುತ್ತವೆ, ಅವೂ ತೂತಿಗೆ ನುಗ್ಗುತ್ತವೆ.

ಇನ್ನೊಂದು ತೊಂದರೆ ವೇಗದ್ದು. ನ್ಯಾನೋಪೋರ್‌ನಲ್ಲಿ ಹರಿಯುವ ಕರೆಂಟ್ ಸುಮಾರು 100 ಪಿಕೋಆಂಪಿಯರ್ ಎಂದಿಟ್ಟುಕೊಳ್ಳಿ. ಮೊಬೈಲ್ ಚಾರ್ಜರಿನ 1 ಆಂಪಿಯರ್ ಕರೆಂಟಿನ ಸಾವಿರ ಕೋಟಿಯಲ್ಲಿ ಒಂದು ಪಾಲು ಅದು. ಅಯಾನುಗಳ ಲೆಕ್ಕದಲ್ಲಿ ಹೇಳುವುದಾದರೆ ಸೆಕೆಂಡಿಗೆ ಸುಮಾರು 62 ಕೋಟಿ ಅಯಾನು. ಅಣು ತೂತಿನಲ್ಲಿ ಒಂದು ಮಿಲಿಸೆಕೆಂಡ್ ಇದ್ದರೆ ಆ ಹೊತ್ತಿನಲ್ಲಿ ಹಾಯಬೇಕಾದ ಅಯಾನುಗಳು ಸುಮಾರು 6 ಲಕ್ಷ. ಅದರಲ್ಲಿ ಎಷ್ಟು ಕಡಿಮೆಯಾಯಿತು ಎಂದು ಅಳೆಯಬಹುದು. ಅಣು ಒಂದು ಮೈಕ್ರೋಸೆಕೆಂಡಿನಲ್ಲಿ ಓಡಿಹೋದರೆ ಆ ಲೆಕ್ಕ 600ಕ್ಕೆ ಇಳಿಯುತ್ತದೆ. ಅಷ್ಟರಲ್ಲಿ ಆದ ಏರುಪೇರು ಉಪಕರಣದ ಗದ್ದಲದಲ್ಲೇ ಮುಚ್ಚಿಹೋಗುತ್ತದೆ. ಡಿಎನ್‌ಎ ಓದುವ ಸಾಧನಗಳಲ್ಲಿ ಎಳೆಯನ್ನು ಹಿಡಿದು ಸೆಕೆಂಡಿಗೆ ಸುಮಾರು 400 ಅಕ್ಷರಗಳಂತೆ ನಿಧಾನವಾಗಿ ಬಿಡುವ ಪ್ರೋಟೀನ್ ಒಂದನ್ನು ತೂತಿನ ಬಾಯಲ್ಲಿ ಇಡುವುದು ಇದಕ್ಕಾಗಿಯೇ.

ಬೆಳಕು ಏನು ಸೇರಿಸುತ್ತದೆ?

ಈಗ ತೂಬಿನ ಬಾಯಿಗೇ ಒಬ್ಬರು ಟಾರ್ಚ್ ಹಿಡಿದು ನಿಂತರು ಎನ್ನಿ. ಕಾಲುವೆಯವರು "ಏನೋ ಬಂತು" ಎಂದ ಕ್ಷಣದಲ್ಲೇ ತೂಬಿನವರು "ಹಸಿರು ಗರಿ" ಎನ್ನುತ್ತಾರೆ.

ಆದರೆ ಬೆಳಕಿನಿಂದ 2 ನ್ಯಾನೋಮೀಟರಿನ ವಸ್ತುವನ್ನು ನೋಡಲು ಸಾಧ್ಯವೇ? ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ಸುಮಾರು 200 ನ್ಯಾನೋಮೀಟರಿಗಿಂತ ಹತ್ತಿರ ಇರುವ ಎರಡು ಬಿಂದುಗಳನ್ನು ಬೇರೆ ಬೇರೆಯಾಗಿ ನೋಡಲಾಗದು. ಇದು ಬೆಳಕಿನ ಅಲೆಯ ಗುಣವೇ ಹಾಕಿದ ಮಿತಿ. ಹಾಗಾಗಿ ಅಣುವಿನ ಆಕಾರ ಕಾಣುವುದಿಲ್ಲ. ಅದರ ಬದಲು ಅಣುವಿಗೆ ಹೊಳೆಯುವ ಬಣ್ಣದ ಗುರುತೊಂದನ್ನು ಅಂಟಿಸುತ್ತಾರೆ. ದೂರದ ಬೆಟ್ಟದ ಮೇಲೆ ದೀಪ ಹಿಡಿದವರ ಮುಖ ಕಾಣದಿದ್ದರೂ ದೀಪ ಕೆಂಪೋ ಹಸಿರೋ ಎಂದು ಗೊತ್ತಾಗುವುದಿಲ್ಲವೇ, ಹಾಗೆ.

ಬೆಳಕಿಗೂ ಅದರದೇ ತೊಡಕುಗಳಿವೆ. ಒಂದು ಬಣ್ಣದ ಅಣುವಿನಿಂದ ಒಂದು ಮಿಲಿಸೆಕೆಂಡಿನಲ್ಲಿ ಕ್ಯಾಮೆರಾಗೆ ಸಿಗುವುದು ಹತ್ತಾರು ಫೋಟಾನ್‌ಗಳಷ್ಟೇ. ಅತ್ತ ಅಯಾನುಗಳ ಲೆಕ್ಕ 6 ಲಕ್ಷ ಇತ್ತು, ನೆನಪಿದೆಯೇ? ಲೇಸರ್ ಬಿದ್ದಷ್ಟೂ ಬಣ್ಣದ ಅಣು ಹಾಳಾಗಿ ಹೊಳೆಯುವುದನ್ನೇ ನಿಲ್ಲಿಸುತ್ತದೆ. ಸುತ್ತಲಿನ ದ್ರವದಲ್ಲಿರುವ ಬೇರೆ ಬಣ್ಣದ ಅಣುಗಳೂ ಹೊಳೆಯುತ್ತವೆ. ಸಿಲಿಕಾನ್ ನೈಟ್ರೈಡ್ ಹಾಳೆಯೇ ಸ್ವಲ್ಪ ಹೊಳೆಯುತ್ತದೆ. ಅದಕ್ಕಾಗಿ ಹಾಳೆಗೆ ಅಂಟಿದ ಕೆಲವು ನೂರು ನ್ಯಾನೋಮೀಟರಿನ ಪದರಕ್ಕೆ ಮಾತ್ರ ಬೆಳಕು ತಾಗುವಂತೆ ಲೇಸರನ್ನು ಓರೆಯಾಗಿ ಬಿಡುತ್ತಾರೆ. ಇಲ್ಲವೇ ಲೋಹದ ತೆಳು ಪದರದಲ್ಲಿ ಬೆಳಕು ಆಚೆ ದಾಟಲಾರದಷ್ಟು ಸಣ್ಣ ಕುಳಿ ಮಾಡಿ ಅದರೊಳಗೆ ಮಾತ್ರ ಬೆಳಕು ಬೀಳುವಂತೆ ಮಾಡುತ್ತಾರೆ.

ಎರಡೂ ಸೇರಿದರೆ ಏನು ಲಾಭ?

ಒಂದು ಚಿಕ್ಕ ಲೆಕ್ಕ ಮಾಡೋಣ. ಕರೆಂಟ್ ನೂರು ಸಲಕ್ಕೆ ಒಮ್ಮೆ ಸುಳ್ಳು ಹೇಳುತ್ತದೆ, ಬೆಳಕೂ ನೂರಕ್ಕೆ ಒಮ್ಮೆ ಸುಳ್ಳು ಹೇಳುತ್ತದೆ ಎಂದಿಟ್ಟುಕೊಳ್ಳಿ. ಒಂದರ ತಪ್ಪಿಗೂ ಇನ್ನೊಂದರ ತಪ್ಪಿಗೂ ಸಂಬಂಧವಿಲ್ಲದಿದ್ದರೆ, ಎರಡೂ ಒಂದೇ ಕ್ಷಣದಲ್ಲಿ ಒಟ್ಟಿಗೆ ಸುಳ್ಳು ಹೇಳುವುದು ಹತ್ತು ಸಾವಿರಕ್ಕೆ ಒಮ್ಮೆ. ಉಪಕರಣ ಅದೇ, ಮಾದರಿ ಅದೇ, ನಂಬಿಕೆ ಮಾತ್ರ ನೂರು ಪಟ್ಟು ಹೆಚ್ಚು.

2010ರಲ್ಲಿ ಅಮಿತ್ ಮೆಲ್ಲರ್ ಅವರ ತಂಡ ಗಟ್ಟಿ ಹಾಳೆಯ ನ್ಯಾನೋಪೋರ್‌ನಲ್ಲಿ ಅಣು ಹಾಯುವಾಗ ಕರೆಂಟ್ ಮತ್ತು ಬೆಳಕನ್ನು ಒಂದೇ ಹೊತ್ತಿಗೆ ದಾಖಲಿಸುವ ವ್ಯವಸ್ಥೆಯನ್ನು ಪ್ರಕಟಿಸಿತು. ಅದೇ ವರ್ಷ ಅವರು ಇನ್ನೊಂದು ಅನುಕೂಲವನ್ನೂ ತೋರಿಸಿದರು: ಒಂದೇ ಕ್ಯಾಮೆರಾ ಹಲವು ತೂತುಗಳನ್ನು ಒಟ್ಟಿಗೆ ನೋಡಬಲ್ಲದು. ಪ್ರತಿ ತೂತಿಗೂ ಬೇರೆ ತಂತಿ ಎಳೆಯಬೇಕಿಲ್ಲ.

ನಮ್ಮ ಫಾರ್ವರ್ಡ್‌ಗೆ ತೀರ ಹತ್ತಿರದ ಕೆಲಸ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಸಂಶೋಧಕರು 2021ರಲ್ಲಿ ಪ್ರಕಟಿಸಿದ್ದು. ರಕ್ತದಲ್ಲಿ ಮೈಕ್ರೋಆರ್‌ಎನ್‌ಎ ಎಂಬ ಚಿಕ್ಕ ತುಣುಕುಗಳು ತೇಲುತ್ತಿರುತ್ತವೆ. ಕೆಲವು ಕ್ಯಾನ್ಸರ್‌ಗಳಲ್ಲಿ ಅವುಗಳ ಪ್ರಮಾಣ ಬದಲಾಗುತ್ತದೆ. ಸಂಶೋಧಕರು ಬೇರೆ ಬೇರೆ ಗಾತ್ರದ ಡಿಎನ್‌ಎ ಬಾಲವುಳ್ಳ ಶೋಧಕಗಳನ್ನು ತಯಾರಿಸಿದರು. ಶೋಧಕಕ್ಕೆ ಹುಡುಕುತ್ತಿರುವ ತುಣುಕು ಸಿಕ್ಕಿದೆಯೇ ಎಂದು ಬೆಳಕು ಹೇಳುತ್ತದೆ. ಅದು ಯಾವ ಶೋಧಕ ಎಂದು ಬಾಲದ ಗಾತ್ರ ನೋಡಿ ಕರೆಂಟ್ ಹೇಳುತ್ತದೆ. ಪ್ರಾಸ್ಟೇಟ್ ಕ್ಯಾನ್ಸರ್ ರೋಗಿಗಳ ಸೀರಂನಲ್ಲಿ ಎರಡು ಮೈಕ್ರೋಆರ್‌ಎನ್‌ಎಗಳನ್ನು ಅವರು ಹೀಗೆ ಒಟ್ಟಿಗೆ ಅಳೆದರು. 0.1 ಮೈಕ್ರೋಲೀಟರಿನಷ್ಟು ಸಣ್ಣ ಮಾದರಿಯಲ್ಲೂ ಇದು ಸಾಧ್ಯ ಎಂದು ವರದಿ ಮಾಡಿದರು. ಅದು ಒಂದು ಹನಿಗಿಂತಲೂ ಎಷ್ಟೋ ಕಡಿಮೆ.

ಫಾರ್ವರ್ಡ್‌ನಲ್ಲಿರುವ ಸತ್ಯದ ಕಾಳು ಇಂಥ ಕೆಲಸವೇ. ಆದರೆ ಗಮನಿಸಿ: ಅವರು ಹುಡುಕಿದ್ದು ಮೊದಲೇ ಗೊತ್ತಿದ್ದ ಎರಡು ತುಣುಕುಗಳನ್ನು. ಶೋಧಕ ತಯಾರಿಸದ ಮೂರನೆಯದು ಎದುರಿಗೇ ಹಾದುಹೋದರೂ ಬೆಳಕು ಹೊಳೆಯುವುದಿಲ್ಲ. "ಎಲ್ಲ ಕಾಯಿಲೆ" ಎಂಬ ಮಾತು ಇಲ್ಲಿಗೇ ಬಿದ್ದುಹೋಗುತ್ತದೆ.

ಎರಡು ಸಾಕ್ಷಿ ನಿಜಕ್ಕೂ ಎರಡೇ?

ಮೇಲಿನ ಲೆಕ್ಕದಲ್ಲಿ ಒಂದು ಷರತ್ತು ಇತ್ತು: ಒಂದರ ತಪ್ಪಿಗೂ ಇನ್ನೊಂದರ ತಪ್ಪಿಗೂ ಸಂಬಂಧ ಇರಬಾರದು. ಈ ಷರತ್ತು ಮುರಿದರೆ ಲೆಕ್ಕವೂ ಮುರಿಯುತ್ತದೆ.

ಲೇಸರ್ ಬೆಳಕು ಸುಮ್ಮನೆ ನೋಡುವುದಿಲ್ಲ, ಮುಟ್ಟುತ್ತದೆ ಕೂಡ. ತೂತಿನ ಬಳಿ ಚಿನ್ನದಂಥ ಲೋಹವಿದ್ದರೆ ಬೆಳಕಿನಿಂದ ನೀರು ಬಿಸಿಯಾಗಿ ಕರೆಂಟ್ ಹೆಚ್ಚುತ್ತದೆ. ಸಿಲಿಕಾನ್ ನೈಟ್ರೈಡ್ ತೂತಿನ ಗೋಡೆಯ ವಿದ್ಯುದಾವೇಶ ಲೇಸರ್ ಬಿದ್ದಾಗ ಬದಲಾಗಿ, ಅಣು ಹಾಯುವ ವೇಗವೇ ಬದಲಾಗುತ್ತದೆ ಎಂದು 2013ರಲ್ಲಿ ಮೆಲ್ಲರ್ ತಂಡವೇ ತೋರಿಸಿತು. ಅಂದರೆ ಒಂದು ಸಾಕ್ಷಿ ಇನ್ನೊಂದು ಸಾಕ್ಷಿಯ ಕಿವಿಯಲ್ಲಿ ಪಿಸುಗುಟ್ಟಿದಂತೆ. ಹಾಗಾಗಿ ಲೇಸರ್ ಹಾಕಿ ಒಮ್ಮೆ, ಆರಿಸಿ ಒಮ್ಮೆ, ಅಣು ಇಲ್ಲದೆ ಒಮ್ಮೆ ಅಳೆದು ಹೋಲಿಸಬೇಕಾಗುತ್ತದೆ.

ಇನ್ನೊಂದು ಸ್ವಾರಸ್ಯವಿದೆ. 2015ರಲ್ಲಿ ಆಕ್ಸ್‌ಫರ್ಡ್‌ನ ಮಾರ್ಕ್ ವಾಲೇಸ್, ಹೇಗನ್ ಬೇಯ್ಲಿ ಮತ್ತು ಸಂಗಡಿಗರು ಕ್ಯಾಲ್ಸಿಯಂ ಅಯಾನು ತಾಗಿದಾಗ ಹೊಳೆಯುವ ಬಣ್ಣವನ್ನು ತೂತಿನ ಆಚೆ ಬದಿಯಲ್ಲಿಟ್ಟರು. ಅಯಾನು ಹರಿಯುತ್ತಿದ್ದರೆ ತೂತಿನ ಬಾಯಲ್ಲಿ ಒಂದು ಬೆಳಕಿನ ಚುಕ್ಕೆ. ಡಿಎನ್‌ಎ ಅಡ್ಡ ಬಂದರೆ ಚುಕ್ಕೆ ಮಂಕು. ಒಟ್ಟಿಗೆ ಅನೇಕ ತೂತುಗಳನ್ನು ನೋಡಲು ಇದು ಸೊಗಸಾದ ಉಪಾಯ, ಅಣುವಿಗೆ ಬಣ್ಣ ಅಂಟಿಸುವ ಗೋಜೂ ಇಲ್ಲ. ಆದರೆ ಇಲ್ಲಿ ಬೆಳಕು ಹೇಳುವುದು ಅಯಾನುಗಳ ಹರಿವಿನ ಸುದ್ದಿಯನ್ನೇ. ಇದು ಎರಡನೇ ಸಾಕ್ಷಿ ಆಗುವುದಿಲ್ಲ, ಮೊದಲ ಸಾಕ್ಷಿಯ ಮಾತನ್ನು ಬೇರೆ ಬಾಯಿಂದ ಕೇಳಿದಂತೆ.

ಇದು ನಮ್ಮ ಮೊಬೈಲಿಗೂ ಅನ್ವಯಿಸುತ್ತದೆ. ಒಂದೇ ಫಾರ್ವರ್ಡ್ ಹತ್ತು ಗ್ರೂಪಿನಿಂದ ಬಂದರೆ ಅದು ಹತ್ತು ಸಾಕ್ಷಿಯಲ್ಲ. ಒಂದೇ ಮಾತು ಹತ್ತು ಸಲ ಕೇಳಿಸಿತು, ಅಷ್ಟೇ.

ಒಂದು ಹನಿ ಯಾಕೆ ಸಾಲದು?

ಸಾಧನ ಎಷ್ಟೇ ಚುರುಕಾಗಿರಲಿ, ಹನಿಯಲ್ಲಿ ಇಲ್ಲದ ಅಣುವನ್ನು ಅದು ಹುಡುಕಿಕೊಡಲಾರದು.

ಒಂದು ಹನಿ ಎಂದರೆ ಸುಮಾರು 0.05 ಮಿಲಿಲೀಟರ್. ಆರಂಭದ ಹಂತದ ಗೆಡ್ಡೆಯಿಂದ ಬರುವ ಡಿಎನ್‌ಎ ತುಣುಕುಗಳಲ್ಲಿ ನಮಗೆ ಬೇಕಾದ ಬದಲಾವಣೆ ಇರುವವು ಒಂದು ಮಿಲಿಲೀಟರಿಗೆ ಬೆರಳೆಣಿಕೆಯಷ್ಟೇ ಇರಬಹುದು. ಲೆಕ್ಕಕ್ಕೆ 10 ಎಂದಿಟ್ಟುಕೊಳ್ಳಿ. ಆಗ ಒಂದು ಹನಿಯಲ್ಲಿ ಸರಾಸರಿ ಅರ್ಧ ತುಣುಕು! ಅಂದರೆ ಅದೇ ರೋಗಿಯ ನೂರು ಹನಿ ತೆಗೆದರೆ ಸುಮಾರು 60 ಹನಿಗಳಲ್ಲಿ ಆ ತುಣುಕು ಒಂದೂ ಇರುವುದಿಲ್ಲ. ಕಾಯಿಲೆ ಇದ್ದರೂ ರಿಪೋರ್ಟ್ "ಏನೂ ಇಲ್ಲ" ಎನ್ನುತ್ತದೆ. ಇದು ಉಪಕರಣದ ತಪ್ಪಲ್ಲ, ಹನಿಯ ಲೆಕ್ಕ. 2021ರ ಪ್ರಯೋಗ ಸಣ್ಣ ಮಾದರಿಯಲ್ಲಿ ಗೆದ್ದದ್ದು ಅದು ಹುಡುಕಿದ ತುಣುಕುಗಳು ಇದಕ್ಕಿಂತ ಬಹಳ ಹೆಚ್ಚಿನ ಸಂಖ್ಯೆಯಲ್ಲಿ ಇದ್ದುದರಿಂದ.

ಜೊತೆಗೆ ಅಣು ತೇಲುತ್ತಾ ಬಂದು ತೂತನ್ನು ಹೊಗಬೇಕು. ಅಣುಗಳು ವಿರಳವಾದಷ್ಟೂ ಒಂದರ ನಂತರ ಇನ್ನೊಂದು ಬರುವವರೆಗೆ ಕಾಯುವ ಹೊತ್ತು ಹೆಚ್ಚುತ್ತದೆ. "ಹತ್ತೇ ನಿಮಿಷ" ಎಂಬ ಮಾತು ಎಲ್ಲ ಅಣುಗಳಿಗೂ ನಡೆಯುವುದಿಲ್ಲ.

ಹನಿ ರಕ್ತದ ಆಸೆ ತೋರಿಸಿದ ಕಥೆ ಹೊಸದೇನಲ್ಲ. ಅಮೆರಿಕದಲ್ಲಿ 2003ರಲ್ಲಿ ಶುರುವಾದ ಥೆರಾನೋಸ್ ಕಂಪನಿ ಬೆರಳ ತುದಿಯ ಕೆಲವೇ ಹನಿಗಳಲ್ಲಿ ಹತ್ತಾರು ಪರೀಕ್ಷೆ ಮಾಡುವುದಾಗಿ ಹೇಳಿತ್ತು. ಅದರ ತಂತ್ರ ನ್ಯಾನೋಪೋರ್ ಆಗಿರಲಿಲ್ಲ, ಆದರೆ ಭರವಸೆ ಇಂಥದ್ದೇ. 2018ರಲ್ಲಿ ಕಂಪನಿ ಮುಚ್ಚಿತು. ಹೂಡಿಕೆದಾರರನ್ನು ವಂಚಿಸಿದ ಆರೋಪದಲ್ಲಿ ಸಂಸ್ಥಾಪಕಿ ಎಲಿಜಬೆತ್ ಹೋಮ್ಸ್ ತಪ್ಪಿತಸ್ಥೆ ಎಂದು 2022ರ ಜನವರಿಯಲ್ಲಿ ಜ್ಯೂರಿ ತೀರ್ಪು ಕೊಟ್ಟಿತು.

ಹಾಗಾದರೆ ಫಾರ್ವರ್ಡ್‌ನಲ್ಲಿ ಎಷ್ಟು ನಿಜ?

"ಬೆಳಕು ಮತ್ತು ಕರೆಂಟ್ ಬಳಸಿ ಒಂದೇ ಅಣುವನ್ನು ಗುರುತಿಸಬಹುದು": ನಿಜ. ಪ್ರಯೋಗಾಲಯಗಳಲ್ಲಿ ಸಾಧಿಸಿದ್ದಾರೆ.

"ಒಂದು ಹನಿ ರಕ್ತ ಸಾಕು": ಅರ್ಧ ನಿಜ. ಹುಡುಕುವ ಅಣು ರಕ್ತದಲ್ಲಿ ಎಷ್ಟಿದೆ ಎಂಬುದರ ಮೇಲೆ ಅವಲಂಬಿತ.

"ಎಲ್ಲ ಕಾಯಿಲೆ ಪತ್ತೆ": ಸುಳ್ಳು. ಯಾವುದಕ್ಕೆ ಶೋಧಕ ತಯಾರಿಸಿದ್ದಾರೋ ಅದು ಮಾತ್ರ ಕಾಣುತ್ತದೆ.

"ಇನ್ನು ಬಯಾಪ್ಸಿ ಬೇಡ": ಸುಳ್ಳು, ಮತ್ತು ಅಪಾಯಕಾರಿ.

ಬಯಾಪ್ಸಿಯಲ್ಲಿ ಗಂಟಿನ ಚೂರನ್ನೇ ತೆಗೆದು, ಜೀವಕೋಶಗಳು ಹೇಗಿವೆ, ಹೇಗೆ ಜೋಡಣೆಯಾಗಿವೆ ಎಂದು ನೋಡುತ್ತಾರೆ. ಅದು ಕ್ಯಾನ್ಸರ್ ಹೌದೋ ಅಲ್ಲವೋ, ಹೌದಾದರೆ ಯಾವ ಬಗೆ ಎಂಬುದು ಅಲ್ಲಿ ತಿಳಿಯುತ್ತದೆ, ಚಿಕಿತ್ಸೆ ಅದರ ಮೇಲೆ ನಿರ್ಧಾರವಾಗುತ್ತದೆ. ಕೆಲವು ಕ್ಯಾನ್ಸರ್‌ಗಳಲ್ಲಿ ರಕ್ತದಲ್ಲಿ ಗೆಡ್ಡೆಯ ಡಿಎನ್‌ಎ ಹುಡುಕುವ ಪರೀಕ್ಷೆಗಳು ಬಳಕೆಯಲ್ಲಿವೆ, ಅದು ನಿಜ. ಆದರೆ ಅವಕ್ಕೆ ಹನಿಯಲ್ಲ, ಟ್ಯೂಬಿನಲ್ಲಿ ರಕ್ತ ಬೇಕು. ಯಾರಿಗೆ, ಯಾವಾಗ ಮಾಡಿಸಬೇಕು ಎಂದು ಡಾಕ್ಟರೇ ಹೇಳಬೇಕು.

ನಮಗೆ ಬರೆದ ಓದುಗರಿಗೆ ನಾವು ಹೇಳಿದ್ದು ಇಷ್ಟೇ: ಅಮ್ಮನ ಬಯಾಪ್ಸಿಯನ್ನು ಹೇಳಿದ ದಿನಕ್ಕೇ ಮಾಡಿಸಿ. ಅನುಮಾನ ಇದ್ದರೆ ಇನ್ನೊಬ್ಬ ತಜ್ಞರ ಅಭಿಪ್ರಾಯ ಕೇಳಿ. ಅದೇ ನಿಮಗೆ ಸಿಗುವ ನಿಜವಾದ ಎರಡನೇ ಸಾಕ್ಷಿ.

ಈ ತಂತ್ರವನ್ನು ಅಲ್ಲಗಳೆಯಬೇಕಿಲ್ಲ. ನ್ಯಾನೋಪೋರ್‌ಗಳ ಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಕೆಲಸ ನಡೆದಿದೆ. ಪ್ರೋಟೀನಿನ 20 ಬಗೆಯ ಅಮೈನೋ ಆಮ್ಲಗಳಲ್ಲಿ ಮೂರಕ್ಕೆ ಮಾತ್ರ ಮೂರು ಬಣ್ಣ ಹಚ್ಚಿ ಓದಿದರೂ ಮನುಷ್ಯನ ಬಹುಪಾಲು ಪ್ರೋಟೀನ್‌ಗಳನ್ನು ಗುರುತಿಸಬಹುದು ಎಂದು 2019ರ ಒಂದು ಕಂಪ್ಯೂಟರ್ ಅಧ್ಯಯನ ತೋರಿಸಿದೆ. ಮುಂದೊಂದು ದಿನ ಇವುಗಳಿಂದ ಒಳ್ಳೆಯ ಪರೀಕ್ಷೆಗಳು ಬರಬಹುದು. ಆದರೆ ಪ್ರಯೋಗಾಲಯದಲ್ಲಿ ಗೆದ್ದ ತಂತ್ರ ಸಾವಿರಾರು ರೋಗಿಗಳಲ್ಲಿ ಪರೀಕ್ಷೆಯಾಗಿ, ಎಷ್ಟು ಸಲ ತಪ್ಪುತ್ತದೆ ಎಂದು ಗೊತ್ತಾದ ಮೇಲೆ ಮಾತ್ರ ಆಸ್ಪತ್ರೆಗೆ ಬರಬೇಕು.

ಒಂದು ಅಣುವನ್ನು ಗುರುತಿಸಲು ವಿಜ್ಞಾನಿಗಳು ಒಂದೇ ಸಂಕೇತವನ್ನು ನಂಬುವುದಿಲ್ಲ, ಇನ್ನೊಂದು ದಾರಿಯಿಂದಲೂ ಕೇಳುತ್ತಾರೆ. ಮುಂದಿನ ಸಲ "ಎಲ್ಲರಿಗೂ ಕಳುಹಿಸಿ" ಎಂಬ ಸಂದೇಶ ಬಂದಾಗ ನೀವೂ ಒಂದು ಕ್ಷಣ ನಿಂತು ಕೇಳಿ: ಇದಕ್ಕೆ ಇನ್ನೊಂದು ಸಾಕ್ಷಿ ಎಲ್ಲಿದೆ? ಆ ಸಾಕ್ಷಿ ಬೇರೆ ಕಡೆಯಿಂದ ಬಂದದ್ದೇ, ಅಥವಾ ಅದೇ ಮಾತು ಸುತ್ತಿ ಬಂದದ್ದೇ? ಉತ್ತರ ಸಿಕ್ಕಿದ ಮೇಲೆ ಹಂಚಿ.